ಬಲ್ಬಿಗೆ ಹೊದಿಸಿದ ಕಂಬಳಿ

...ಇಲ್ಲ, ಕಂಬಳಿ ಕರಿಯದೇ ಇರಬೇಕು. ಹಿಂದೊಮ್ಮೆ ಇದನ್ನೇ ಬರೆಯಲು ಕೂತಾಗ ಕೆಂಪು ಅಂಚಿನದು ಎಂದು ಬರೆದಿದ್ದೆ. ಆ ಅಂಚು ಓದಲು ಎಷ್ಟು ಚೆನ್ನಾಗಿತ್ತೆಂದರೆ ನನಗೇ ಅನುಮಾನ ಬಂದು ಹಾಳೆ ಹರಿದು ಹಾಕಿದೆ. ಎದ್ದು ಹೋಗಿ ನೋಡಬಹುದು, ಕಂಬಳಿ ಇನ್ನೂ ಮನೆಯಲ್ಲೇ ಇದೆ. ಆದರೆ ಈಗ ಅದು ಒಗೆಸಿಕೊಂಡು, ಕಚ್ಚಿಸಿಕೊಂಡು, ಮೈತುಂಬ ಕೂದಲು ಮೆತ್ತಿಸಿಕೊಂಡು ಬೇರೆಯೇ ಆಗಿಬಿಟ್ಟಿದೆ. ಇದನ್ನು ನೋಡಿ ಅದರ ಬಣ್ಣ ಹೇಳಿದರೆ ಮೋಸವಾಗುತ್ತದೆ.

ಇಷ್ಟಂತೂ ನಿಜ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಅಹಮದಾಬಾದಿನ ಸ್ಯಾಟಲೈಟ್‌ ಎಂಬ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ಮಗಳ ಕೋಣೆಯ ಬರಿನೆಲದ ಮೇಲೆ ಒಂದು ತಂತಿಬುಟ್ಟಿ ಬೋರಲಾಗಿತ್ತು. ಬುಟ್ಟಿಯೊಳಗೆ ಹಳೇ ಕಾಲದ ಬುರುಡೆ ಬಲ್ಬು ಉರಿಯುತ್ತಿತ್ತು. ಬುಟ್ಟಿಯ ಮೇಲೆ ಧಾರವಾಡದಿಂದ ತಂದ ಕಂಬಳಿ ಹೊದಿಸಿತ್ತು. ಎ.ಸಿ. ಓಡುತ್ತಿತ್ತು. ನನ್ನ ಗಂಡ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಗೋಡೆಗೆ ಅಂಟಿಸಿದ್ದ ಥರ್ಮಾಮೀಟರುಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದರು.

ಬಲ್ಬು ನಾಯಿಯ ಮೈಬಿಸಿ. ಕಂಬಳಿ ನಾಯಿಯ ಕೂದಲು. ನಿಜವಾದ ನಾಯಿ ಆ ಹೊತ್ತಿಗೆ ಸೂರತ್ತಿನ ಉಧ್ನಾದಲ್ಲಿ, ಬಟ್ಟೆ ನೇಯುವ ಒಂದು ಕಾರ್ಖಾನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು.

ಅದನ್ನು ಮೊದಲು ಕಂಡವಳು ಮಗಳು. ಅವಳು ವಡೋದರಾದಲ್ಲಿ ಓದುತ್ತಾಳೆ. ಗೆಳತಿಯ ಜೊತೆ ಬಟ್ಟೆ ತರಲು ಸೂರತ್ತಿಗೆ ಹೋದಾಗ ಎದುರು ಕಟ್ಟಡದ ಕಿಟಕಿಯಿಂದ ನೋಡಿ ವಿಡಿಯೋ ಮಾಡಿ ಕಳಿಸಿದಳು. ಹಸ್ಕಿ. ಹಿಮದ ಮೇಲೆ ಜಾರುಬಂಡಿ ಎಳೆಯಲೆಂದು ಜನ ತಲೆತಲಾಂತರದಿಂದ ಸಾಕಿಕೊಂಡು ಬಂದ ಜಾತಿ. ಬೂದು ಬೆನ್ನು, ಬಿಳಿ ಹೊಟ್ಟೆ, ಮೈಮೇಲೆ ಎರಡು ಪದರ ಕೂದಲು. ಸುತ್ತಲೂ ತಗಡು, ಬಿಸಿಲು, ಮಗ್ಗಗಳ ಸದ್ದು. ಕಾರ್ಖಾನೆಯ ಸೇಠ್ ಅದನ್ನು ಮರಿಯಿದ್ದಾಗ ಮನೆಯ ಯಾವುದೋ ಸಮಾರಂಭಕ್ಕೆಂದು ತಂದಿದ್ದನಂತೆ. ಬಂದವರೆಲ್ಲ ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಮರಿ ಬೆಳೆಯಿತು, ಸೋಫಾ ಹರಿದು ಹಾಕಿತು, ತಾರಸಿಗೆ ಹೋಯಿತು. ಕೇಕಿನ ಹಾಗೆ, ಹೂವಿನ ಕಮಾನಿನ ಹಾಗೆ, ಒಂದು ಜೀವವನ್ನು ಒಂದು ಸಂಜೆಗೆಂದು ತಂದವನ ಮೇಲೆ ಕೇಸು ಹಾಕಲು ಕಾನೂನಿನಲ್ಲಿ ಜಾಗವಿದೆಯೋ ಇಲ್ಲವೋ, ನನ್ನ ತಲೆಯಲ್ಲಿ ಆ ಕೇಸು ದಿನಾ ನಡೆಯುತ್ತದೆ.

ಮಗಳು ಅಪ್ಪನಿಗೆ ಫೋನು ಮಾಡಿ, "ಅಪ್ಪಾ, ಅವನನ್ನ ಅಡಾಪ್ಟ್ ಮಾಡೋಣ? ನನ್ನ ರೂಮು ಖಾಲೀನೇ ಇದೆಯಲ್ಲ" ಎಂದಳು. ಈ ಮನುಷ್ಯ ಬೇಡ ಅನ್ನುತ್ತಾರೆ ಎಂದುಕೊಂಡೆ. ಅವರು ತಕ್ಷಣ ಹೂಂ ಅಂದರು. ಸೇಠ್ ಕೂಡ ಹೂಂ ಅಂದ, ಯಾವಾಗ ಬೇಕಾದರೂ ಒಯ್ಯಿರಿ ಅಂದ. ಆಗ ಹೋಳಿ ಇನ್ನೂ ಬಂದಿರಲಿಲ್ಲ, ಬೆಳಗಿನ ಹೊತ್ತು ಗಾಳಿ ತಂಪಾಗಿತ್ತು. ಅವತ್ತೇ ಹೊರಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ನನ್ನ ಗಂಡ ಹೇಳಿದರು, "ಮೊದಲ ಮನೀ ತಯಾರ ಆಗಲಿ."

ಅವರ ಕೆಲಸ ಉಪಗ್ರಹಗಳನ್ನು ಬಿಸಿ ಮತ್ತು ತಂಪಿನಿಂದ ಕಾಯುವುದು. ಅವರ ಸಂಸ್ಥೆಯಲ್ಲಿ ಒಂದು ಸಣ್ಣ ಪೆಟ್ಟಿಗೆಯನ್ನು ಕೂಡ ತಿಂಗಳುಗಟ್ಟಲೆ ಕಾಯಿಸಿ, ತಣಿಸಿ, ಅಲುಗಿಸಿ ನೋಡದೆ ಯಾರೂ ಮೇಲಕ್ಕೆ ಕಳಿಸುವುದಿಲ್ಲ. ಮದುವೆಯಾದ ಹೊಸದರಲ್ಲಿ ಇದು ನನಗೆ ಬಹಳ ಹಿಡಿಸಿತ್ತು. ಎಲ್ಲರೂ 'ಆಗಲಿ ಬಿಡು' ಅನ್ನುವ ದೇಶದಲ್ಲಿ 'ಆಗಲಿಕ್ಕಿಲ್ಲ, ಇನ್ನೊಮ್ಮೆ ನೋಡೋಣ' ಅನ್ನುವ ಗಂಡಸು. ಆ ಮಾರ್ಚಿನಲ್ಲಿ ಅದೇ ಗುಣ ನನ್ನ ಕಣ್ಣಿಗೆ ಬೇರೆಯಾಗಿ ಕಂಡಿತು.

ಮೊದಲ ದಿನಗಳಲ್ಲಿ ನಾನೂ ಖುಷಿಯಿಂದಲೇ ಕೈಜೋಡಿಸಿದೆ. ಮಗಳ ಮಂಚ ಬಿಚ್ಚಿದೆವು, ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದೆವು. ಕಚ್ಚಬಾರದೆಂದು ವೈರುಗಳನ್ನೆಲ್ಲ ಪೈಪಿನೊಳಗೆ ತೂರಿಸಿದೆವು. ಈ ಜಾತಿಯ ನಾಯಿ ಬಾಗಿಲ ಹಿಡಿ ಒತ್ತಿ ಓಡಿಹೋಗುತ್ತದೆಂದು ಎಲ್ಲೋ ಓದಿ, ಮುಂಬಾಗಿಲಿಗೆ ಮೇಲುಗಡೆ ಇನ್ನೊಂದು ಚಿಲಕ ಹಾಕಿಸಿದೆವು. ಬಾಲ್ಕನಿಗೆ ಬಲೆ. ಪಶ್ಚಿಮದ ಕಿಟಕಿಗೆ ಕರಿ ಹಾಳೆ, ಅದರ ಮೇಲೆ ಥರ್ಮಕೋಲು, ಹೊರಗೆ ಲಾವಂಚದ ಪರದೆ. ಪರದೆಗೆ ನೀರು ಹೊಡೆದಾಗ ಬಂದ ವಾಸನೆ ಮಾತ್ರ ನನಗೆ ಅನುಮಾನವೇ ಇಲ್ಲದಂತೆ ನೆನಪಿದೆ.

ಆಮೇಲೆ ಪರೀಕ್ಷೆಗಳು ಶುರುವಾದವು. ಕಂಬಳಿ ಹೊದ್ದ ಬಲ್ಬು ಬಂತು. ಎ.ಸಿ. ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು. ಕರೆಂಟು ಹೋದರೆ ಕೋಣೆ ಎಷ್ಟು ಹೊತ್ತು ತಂಪು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಡೆ ಕರೆಂಟು ಹೋಗುವುದೇ ಅಪರೂಪ, ಹಾಗಾಗಿ ಇವರೇ ಮೇನ್ ಸ್ವಿಚ್ಚು ಆರಿಸಿ ಕೂರುತ್ತಿದ್ದರು. ಫ್ರಿಜ್ಜಿನಲ್ಲಿ ನನ್ನ ಹಾಲು ಒಡೆಯಿತು. ಇನ್ವರ್ಟರು ಬದಲಾಯಿತು. ಹೊಸದು ಬಂದ ಮೇಲೆ ಹಳೆಯ ಲೆಕ್ಕ ನಡೆಯುವುದಿಲ್ಲ, ಮತ್ತೆ ಮೊದಲಿನಿಂದ. ಮಗಳು ದಿನಾ ಕೇಳುತ್ತಿದ್ದಳು. ನಾನು ದಿನಾ "ಈ ವಾರ" ಅನ್ನುತ್ತಿದ್ದೆ. ಹೊರಗೆ ಬೇವಿನ ಮರಗಳ ಕೆಳಗೆ ಒಣಗಿದ ಎಲೆ ರಾಶಿ ಬೀಳುತ್ತಿತ್ತು. ಮಧ್ಯಾಹ್ನ ಕೊಡೆ ಇಲ್ಲದೆ ಹಾಲಿನ ಅಂಗಡಿಗೂ ಹೋಗಲು ಆಗದಂತಾಯಿತು.

ಈ ನಡುವೆ ನಮ್ಮ ಕಟ್ಟಡದ ಸೊಸೈಟಿಯವರಿಗೆ ಸುದ್ದಿ ತಿಳಿಯಿತು. ಸೊಸೈಟಿಯ ಚೇರ್ಮನ್ನರನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ಕಾಕಾ ಬಂದು ನೀರು ಕುಡಿದು, ನಾಯಿ ಸಾಕುವುದಕ್ಕೆ ಅಡ್ಡಿಯಿಲ್ಲ, ಆದರೆ ಅದು ಏನು ತಿನ್ನುತ್ತದೆ ಎಂದು ಕೇಳಿದರು. ಇದು ಶುದ್ಧ ಸಸ್ಯಾಹಾರಿಗಳ ಕಟ್ಟಡ. ನಾವೂ ಸಸ್ಯಾಹಾರಿಗಳೇ, ಅದಕ್ಕೇ ಇಲ್ಲಿ ನಮಗೆ ಮನೆ ಸಿಕ್ಕಿದ್ದು. ಉತ್ತರಾಯಣದ ಹೊತ್ತಿಗೆ ಇದೇ ಸೊಸೈಟಿಯ ಹೆಂಗಸರು ಒಟ್ಟಿಗೆ ಕೂತು ಗೋಧಿಹಿಟ್ಟು, ಬೆಲ್ಲ, ಎಣ್ಣೆ ಹಾಕಿ ದೊಡ್ಡ ಪಾತ್ರೆಯಲ್ಲಿ ಬೀದಿನಾಯಿಗಳಿಗಾಗಿ ಲಾಡು ಕಟ್ಟುತ್ತಾರೆ, ಚಳಿಯಲ್ಲಿ ಅವಕ್ಕೆ ಶಕ್ತಿ ಬರಲೆಂದು. ನಾನೂ ಕಟ್ಟಿದ್ದೇನೆ. ಒಳ್ಳೆಯ ಪದ್ಧತಿ. ಆದರೆ ಅವತ್ತು ನನಗೆ ತಡೆದುಕೊಳ್ಳಲು ಆಗಲಿಲ್ಲ. ಗೇಟಿನ ಹೊರಗಿದ್ದರೆ ಲಾಡು, ಒಳಗೆ ಬಂದರೆ ಜಾತಿ ವಿಚಾರಣೆಯೋ ಎಂದು ಕೇಳಿದೆ. ಹಿಂದಿಯಲ್ಲಿ ಕೇಳಿದ್ದರಿಂದ ಅಂದುಕೊಂಡದ್ದಕ್ಕಿಂತ ಒರಟಾಗಿ ಬಂತು. ಕಾಕಾ ಲೋಟ ಕೆಳಗಿಟ್ಟು ಎದ್ದು ಹೋದರು.

ಪಕ್ಕದ ಮನೆಯ ಮಾಸಿ ನನ್ನ ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ. ಅವರು ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ನೋಡು ಬೇಟಾ, ನೀನೇ ಪ್ರತಿ ಮೇ ತಿಂಗಳು ಧಾರವಾಡ ಧಾರವಾಡ ಅಂತ ನನ್ನ ತಲೆ ತಿನ್ನುತ್ತೀ," ಎಂದರು. "ಇನ್ನು ಗೋಡೆಯ ಆ ಕಡೆಯಿಂದ ಅದೂ ಸೈಬೀರಿಯಾ ಸೈಬೀರಿಯಾ ಅಂತ ಅಳುತ್ತೆ. ನಾನು ಯಾರ್ಯಾರನ್ನ ಸಮಾಧಾನ ಮಾಡಲಿ?"

ನಗಬೇಕಿತ್ತು. ನಗಲಿಲ್ಲ. ಒಳಗೆ ಬಂದರೆ ಬಲ್ಬು ಕಂಬಳಿ ಹೊದ್ದು ತಂಪಾಗಿ ಕೂತಿತ್ತು.

ಮುಂದಿನದು ನಾನು ತುಂಬ ಜನಕ್ಕೆ ಹೇಳಿರುವ ಜಗಳ. ತುಂಬ ಹೇಳಿದ್ದರಿಂದಲೇ ಅದರ ಮೇಲೆ ನನಗೆ ನಂಬಿಕೆ ಕಡಿಮೆ. ನಾನು ಹೇಳುವ ಪ್ರಕಾರ ಅದು ಹೀಗೆ.

"ಇನ್ನ ಏನೇನ್ ಬಾಕಿ ಅದರಿ?"

"ಒಂದೇ. ಎ.ಸಿ. ಕೆಟ್ಟು, ಇನ್ವರ್ಟರೂ ಕೈಕೊಟ್ರ ಏನಾಗ್ತದ ಅಂತ ನೋಡಬೇಕು."

"ಎರಡೂ ಒಮ್ಮೆ ಯಾಕ ಕೆಡ್ತಾವರಿ?"

"ಮ್ಯಾಲ ಕಳಸಿದ್ದನ್ನ ಕೆಳಗ ತಂದು ರಿಪೇರಿ ಮಾಡ್ಲಿಕ್ಕೆ ಬರೂದಿಲ್ಲ. ಇದೂ ಹಂಗ. ತಂದಮ್ಯಾಲ ತಪ್ಪಾತು ಅಂದ್ರ ಎಲ್ಲಿಗೆ ಕಳಸ್ತೀ ಅವನ್ನ? ಮತ್ತ ಅದೇ ಸೇಠ್ನ ಕಡೆಗೇನು?"

"ಬಲ್ಬಿಗೆ ಎ.ಸಿ. ಹಾಕಿ ಕೂತೀರಿ. ನಾಯಿ ಬಿಸಲಾಗ ಅದ."

ಹೀಗೆ ಹೇಳಿ ನಾನು ತಿರುಗಿ ಅಡಿಗೆಮನೆಗೆ ಹೋದೆ ಎಂದು ಮುಗಿಸುತ್ತೇನೆ. ಕೇಳಿದವರು ವಾಹ್ ಅನ್ನುತ್ತಾರೆ. ಆದರೆ ನನ್ನ ಗಂಡ ಹೇಳುವುದೇ ಬೇರೆ. ಅವತ್ತು ನಾನು ಏನೂ ಮಾತಾಡಲಿಲ್ಲವಂತೆ, ಕುಕ್ಕರನ್ನು ಕಟ್ಟೆಯ ಮೇಲೆ ಕುಕ್ಕಿದೆನಂತೆ, ಅಷ್ಟೇ. ಬಲ್ಬಿನ ಮಾತು ಮಗಳು ಫೋನಿನಲ್ಲಿ, ಅರ್ಧ ಹಿಂದಿಯಲ್ಲಿ, ಅಳುತ್ತ ಹೇಳಿದ್ದಂತೆ. ಮಗಳನ್ನು ಕೇಳಿದರೆ ನನಗೆ ನೆನಪಿಲ್ಲ ಅನ್ನುತ್ತಾಳೆ. ಅವಳ ಮಾತನ್ನು ತಿದ್ದಿ, ಧಾರವಾಡದ ಕನ್ನಡ ಉಡಿಸಿ, ನನ್ನ ಬಾಯಿಗೆ ನಾನೇ ಹಾಕಿಕೊಂಡಿರಬಹುದು. ಸಿಟ್ಟು ಮಾತ್ರ ನನ್ನದೇ. ಅದನ್ನು ಯಾರಿಂದಲೂ ಕಡ ತಂದಿಲ್ಲ.

ಮರುದಿನ ಅವರು ಆಫೀಸಿಗೆ ಹೋದ ಮೇಲೆ ಚೀಲಕ್ಕೆ ಎರಡು ಟವೆಲು, ಒಂದು ಪಾತ್ರೆ ಹಾಕಿಕೊಂಡೆ. ಹೊರಡುವ ಮುಂಚೆ ಆ ಕೋಣೆಗೆ ಹೋಗಿ ಬಲ್ಬಿನ ಸ್ವಿಚ್ಚು ಆರಿಸಿದೆ. ವಡೋದರಾಕ್ಕೆ ಹೋಗುವ ರೈಲಿನಲ್ಲಿ ಕೂತು ಗಂಡನಿಗೆ ಮೆಸೇಜು ಕಳಿಸಿದೆ: ನಾಳೆ ನಾಯಿ ಬರುತ್ತದೆ. ಅವರು ಫೋನು ಮಾಡಿದರು. ಎತ್ತಲಿಲ್ಲ. ಎತ್ತಿದ್ದರೆ ಇನ್ನೆರಡು ದಿನ ಕೇಳುತ್ತಿದ್ದರು, ನಾನು ಕೊಡುತ್ತಲೂ ಇದ್ದೆ.

ಮಗಳು ನಾಯಿ ಹತ್ತಿಸಿಕೊಳ್ಳಲು ಒಪ್ಪುವ ಟ್ಯಾಕ್ಸಿ ಹುಡುಕಿಟ್ಟಿದ್ದಳು. ರಾತ್ರಿ ಅವಳ ಹತ್ತಿರ ಉಳಿದು, ಮರುದಿನ ನಸುಕಿನಲ್ಲೇ ಹೊರಟೆವು. ಉಧ್ನಾ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ರಸ್ತೆಯ ಎರಡೂ ಕಡೆ ಟೆಂಪೋಗಳಿಗೆ ಬಟ್ಟೆಯ ಗಂಟು ಏರಿಸುತ್ತಿದ್ದರು. ಕಾರ್ಖಾನೆಯಲ್ಲಿ ಸೇಠ್ ಇರಲಿಲ್ಲ, ಅವನ ಲೆಕ್ಕ ನೋಡಿಕೊಳ್ಳುವ ವಯಸ್ಸಾದ ಗುಮಾಸ್ತರು ಇದ್ದರು. ಅವರು ಚಪ್ಪಲಿ ಮೆಟ್ಟಿಕೊಂಡು ನಮ್ಮನ್ನು ಮೇಲಕ್ಕೆ ಕರೆದೊಯ್ದರು. ಮೆಟ್ಟಿಲ ಉದ್ದಕ್ಕೂ ಮಗ್ಗಗಳ ಸದ್ದಿಗೆ ಕಟ್ಟಡವೇ ಅದುರುತ್ತಿತ್ತು. ತಾರಸಿಯ ಬಾಗಿಲು ತೆರೆದಾಗ ಬಿಸಿ ಮುಖಕ್ಕೆ ಬಡಿಯಿತು.

ಟ್ಯಾಂಕಿನ ನೆರಳಲ್ಲಿ ಒಂದು ನಾಯಿ ಮಲಗಿತ್ತು. ನಾನು ಗುಮಾಸ್ತರಿಗೆ, ಇದಲ್ಲ, ಆ ಇನ್ನೊಂದು ಎಲ್ಲಿ ಎಂದೆ.

ಇನ್ನೊಂದು ಇರಲಿಲ್ಲ. ಇದೇ. ಇದರ ಮೈ ಬೋಳಿಸಿದ್ದರು. ಕುತ್ತಿಗೆಯಿಂದ ಬಾಲದ ಬುಡದವರೆಗೆ, ಕುರಿಯ ಮೈ ಹೆರೆದ ಹಾಗೆ. ತಲೆ ಮತ್ತು ಬಾಲ ಮಾತ್ರ ಹಾಗೇ ಇದ್ದವು, ಯಾರದೋ ದೊಡ್ಡ ತಲೆಯನ್ನು ಯಾರದೋ ಬಡಕಲು ಮೈಗೆ ಸಿಕ್ಕಿಸಿದಂತೆ. ಬೆನ್ನಿನ ಗುಲಾಬಿ ಚರ್ಮ ಅಲ್ಲಲ್ಲಿ ಸುಟ್ಟು ಕೆಂಪಾಗಿತ್ತು. ಮಗಳು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮುಟ್ಟಲಿಲ್ಲ. ಗುಜರಾತಿಯಲ್ಲಿ ಏನೋ ಹೇಳತೊಡಗಿದಳು, ಮೆಲ್ಲಗೆ, ಮಗುವಿಗೆ ಹೇಳುವಂತೆ. ಅವನ ಕಿವಿ ತಿರುಗಿತು.

ಗುಮಾಸ್ತರು ನನ್ನ ಮುಖ ನೋಡಿ ಹಿಂದಿಯಲ್ಲಿ ಹೇಳಿದರು, "ನೀವು ಬರ್ತೀರಿ ಬರ್ತೀರಿ ಅಂತ ಕಾದೆವು, ಬೆಹೆನ್. ಬಿಸಿಲು ಜೋರಾಯ್ತು. ಸೇಠ್ ಹೇಳಿದರು, ಪಾಪ, ಬೋಳಿಸಿಬಿಡಿ, ಹಗುರ ಆಗಲಿ."

ಆ ಕೂದಲೇ ಅವನಿಗೆ ಕೊಡೆ, ಬಿಸಿಲನ್ನು ತಡೆಯುವುದೂ ಅದೇ ಎಂದು ನಾನು ಓದಿಕೊಂಡಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಕೆಳಗೆ ಯಾಕೆ ಕಟ್ಟಲಿಲ್ಲ ಎಂಬುದಷ್ಟೇ ಹೊರಗೆ ಬಂತು. ಗಿರಾಕಿಗಳು ಹೆದರುತ್ತಾರೆ ಅಂದರು. ಅವರು ಕೆಟ್ಟವರಂತೆ ಕಾಣಲಿಲ್ಲ. ಅದಕ್ಕೂ ಸಿಟ್ಟು ಬಂತು. ಎದುರಿಗೆ ಒಬ್ಬ ಕೆಟ್ಟವನು ಸಿಕ್ಕಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ಇಲ್ಲಿ ಎಲ್ಲರೂ ನಾಯಿಯ ಒಳ್ಳೆಯದಕ್ಕೇ ಮಾಡಿದವರು. ಸೇಠ್ ಹಗುರ ಆಗಲೆಂದು ಬೋಳಿಸಿದ, ನನ್ನ ಗಂಡ ಏನೂ ಆಗಬಾರದೆಂದು ಕಾಯಿಸಿದರು.

ದಾರಿಯುದ್ದಕ್ಕೂ ಒದ್ದೆ ಟವೆಲು ಹಿಂಡಿ ಅವನ ಹೊಟ್ಟೆಗೆ, ಕಾಲಿಗೆ ಒತ್ತುತ್ತಿದ್ದೆವು. ಅವನು ಸೀಟಿನ ಕೆಳಗೆ ತಲೆ ತೂರಿಸಿ ಮಲಗಿದ್ದ. ಭರೂಚ್ ದಾಟುವಾಗ ನೀರು ಕುಡಿದ, ಅಥವಾ ವಡೋದರಾ ದಾಟಿದ ಮೇಲೆ. ಮಗಳು ಕಾಲೇಜು ತಪ್ಪಿಸಿ ನಮ್ಮ ಜೊತೆಗೇ ಬಂದಳು, ಹಾಗಾಗಿ ಇಬ್ಬರಿಗೂ ಎಲ್ಲಿ ನಿಲ್ಲಿಸಿದೆವೆಂಬುದು ಸರಿಯಾಗಿ ನೆನಪಿರಬೇಕಿತ್ತು. ಇಬ್ಬರೂ ಬೇರೆ ಬೇರೆ ಊರು ಹೇಳುತ್ತೇವೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಲಿಫ್ಟು ತೆರೆದಾಗ ಎದುರಿಗೇ ಮಾಸಿ. ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನಾ ನಿಮ್ಮ ಹಿಮದ ನಾಯಿ? ನಮ್ಮ ಗೇಟಿನ ಹತ್ತಿರ ಇರುತ್ತಲ್ಲ, ಅದೇ ಇದಕ್ಕಿಂತ ವಾಸಿ."

ನನ್ನ ಗಂಡ ಬಾಗಿಲು ತೆರೆದು ನಿಂತಿದ್ದರು. ರಜೆ ಹಾಕಿದ್ದರು. ನಾನು ಬೈಗುಳಗಳನ್ನು ದಾರಿಯಲ್ಲೇ ಹೊಂದಿಸಿಕೊಂಡು ಬಂದಿದ್ದೆ, ಆದರೆ ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಬೋಳು ಬೆನ್ನನ್ನು ನೋಡುತ್ತಿದ್ದರು.

ಕೋಣೆ ಪರೀಕ್ಷೆಗಳಲ್ಲಿ ಎಂದೂ ಇಲ್ಲದಷ್ಟು ತಣ್ಣಗಿತ್ತು. ಲಾವಂಚಕ್ಕೆ ಆಗಷ್ಟೇ ನೀರು ಹೊಡೆದಿದ್ದರು. ನಾಯಿ ಹೊಸ್ತಿಲಲ್ಲಿ ನಿಂತು ಮೂಸಿ, ಒಳಗೆ ಹೋಗಿ, ತಣ್ಣನೆಯ ಬರಿನೆಲದ ಮೇಲೆ ಮಲಗಿತು. ಆಮೇಲೆ ಅದು ನಡುಗಲು ಶುರುಮಾಡಿತು. ಮೊದಲು ಹಿಂಗಾಲು, ಆಮೇಲೆ ಇಡೀ ಮೈ. ಎದ್ದು ಹೊರಗೆ ಬಂದು, ಮನೆಯಲ್ಲೇ ಅತಿ ಸೆಕೆಯಾದ ಜಾಗ, ಮುಂಬಾಗಿಲ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮುದುಡಿಕೊಂಡಿತು. ಅಲ್ಲೂ ನಡುಕ ನಿಲ್ಲಲಿಲ್ಲ.

"ಎಲ್ಲಾ ಲೆಕ್ಕ ಕೂದಲಿಗೆ ಹಾಕಿದ್ದೆ," ಎಂದರು ನನ್ನ ಗಂಡ. ನನಗೆ ಹೇಳಿದ್ದಲ್ಲ.

"ಅಪ್ಪಾ, ಎ.ಸಿ. ಬಂದ್ ಕರೋ," ಎಂದಳು ಮಗಳು.

ಅವರು ಎ.ಸಿ. ಆರಿಸಿದರು. ಕೋಣೆಗೆ ಹೋಗಿ ತಂತಿಬುಟ್ಟಿಯ ಮೇಲಿದ್ದ ಕಂಬಳಿ ಎತ್ತಿಕೊಂಡು ಬಂದು, ಬಾಗಿ, ನಿಧಾನಕ್ಕೆ ಅವನ ಬೆನ್ನಿಗೆ ಹೊದಿಸಿದರು. ಸುಟ್ಟ ಚರ್ಮಕ್ಕೆ ಒರಟು ಕಂಬಳಿ ಚುಚ್ಚುತ್ತದೆ, ಕೆಳಗೆ ಏನಾದರೂ ಹಾಕಿ ಎಂದೆ. ನನ್ನ ಹಳೆಯ ಹತ್ತಿ ಸೀರೆ ಬಂತು. ಏಪ್ರಿಲಿನ ಹತ್ತಿರದ ಅಹಮದಾಬಾದಿನಲ್ಲಿ, ಸೀರೆಯ ಮೇಲೆ ಕಂಬಳಿ ಹೊದ್ದು, ಹಿಮದ ನಾಡಿನ ನಾಯಿ ನಮ್ಮ ಚಪ್ಪಲಿಗಳ ನಡುವೆ ಮಲಗಿತು. ಸಂಜೆ ಮಾಸಿ ತುಪ್ಪ ಸವರಿದ ಒಂದು ರೊಟ್ಲಿ ತಂದು, ಬಾಗಿಲಲ್ಲೇ ಕೂತು ಚೂರು ಮಾಡಿ ಹಾಕಿದರು. ನಮ್ಮ ಮನೆಯಲ್ಲಿ ಅವನು ಮೊದಲು ತಿಂದದ್ದು ಅದೇ. ನಾನು ತಂದಿಟ್ಟಿದ್ದ ದುಬಾರಿ ಆಹಾರದ ಚೀಲವನ್ನು ಒಡೆದೇ ಇರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು, ಇದನ್ನು ಯಾಕೆ ಮುಚ್ಚಿಡಲಿ.

ಈಗ ಅವನು ಈ ಮನೆಯವನು. ಆ ಕೋಣೆಯಲ್ಲೇ ಮಲಗುತ್ತಾನೆ. ಎ.ಸಿ. ಎಷ್ಟರಲ್ಲಿರಬೇಕು ಎಂದು ಯಾರೂ ಲೆಕ್ಕ ಹಾಕುವುದಿಲ್ಲ, ಅವನು ನಾಲಿಗೆ ಚಾಚಿದರೆ ಇಳಿಸುತ್ತೇವೆ, ಮುದುಡಿದರೆ ಏರಿಸುತ್ತೇವೆ. ಅವನ ಬಟ್ಟಲಿನಲ್ಲಿ ಏನಿರುತ್ತದೆಂದು ಕಾಕಾ ಆಮೇಲೆ ಕೇಳಿಲ್ಲ, ನಾವೂ ಹೇಳಿಲ್ಲ. ಹೊಸ ಇನ್ವರ್ಟರು ಇನ್ನೂ ಒಮ್ಮೆಯೂ ಕೆಲಸಕ್ಕೆ ಬಂದಿಲ್ಲ. ಬೂದು ಕೂದಲು ಹೆಗಲ ಮೇಲೆ, ಕುತ್ತಿಗೆಯ ಮೇಲೆ ಮರಳಿ ಬಂತು. ಬೆನ್ನಿನ ನಡುವೆ ಬಂದಿಲ್ಲ. ಡಾಕ್ಟರು, ಬರಬಹುದು, ಬಾರದೆಯೂ ಇರಬಹುದು ಎನ್ನುತ್ತಾರೆ. ಬೇಸಿಗೆಯಲ್ಲಿ ಅವನನ್ನು ಹೊರಗೆ ಒಯ್ಯುವಾಗ ಅಷ್ಟು ಜಾಗಕ್ಕೆ ಬಟ್ಟೆ ಕಟ್ಟುತ್ತೇವೆ. ಕಟ್ಟುವುದು ನನ್ನ ಗಂಡ. ಗಂಟು ಹಾಕಿ, ಎಳೆದು ನೋಡಿ, ಬಿಚ್ಚಿ, ಮತ್ತೆ ಹಾಕುತ್ತಾರೆ. ಆ ಹೊತ್ತಿನಲ್ಲಿ ನಾನು ಬೇರೆ ಕಡೆ ನೋಡುತ್ತೇನೆ.

ನಾವು ಮೊದಲ ವಾರವೇ ಹೋಗಿದ್ದರೆ ಅವನ ಬೆನ್ನು ತುಂಬಿರುತ್ತಿತ್ತೇ? ನಿಮಗಾಗಿ ಕಾದೆವು ಎಂದು ಗುಮಾಸ್ತರು ಹೇಳಿದ್ದು ನಿಜವಿರಬಹುದು. ನನ್ನ ಬಾಯಿ ಮುಚ್ಚಿಸಲು ಹೇಳಿದ್ದೂ ಇರಬಹುದು. ಪ್ರತಿ ಬೇಸಿಗೆಯೂ ಬೋಳಿಸುತ್ತಿದ್ದರೋ, ಆ ವಿಡಿಯೋದಲ್ಲಿ ಕಂಡದ್ದು ಹಿಂದೆ ಬೋಳಿಸಿದ ಮೇಲೆ ಮತ್ತೆ ಬೆಳೆದ ಕೂದಲೋ, ನಾನು ಕೇಳಲಿಲ್ಲ. ಈಗ ಫೋನು ಮಾಡಿದರೆ ಸೇಠ್ ಎತ್ತುವುದಿಲ್ಲ. ಅವತ್ತು ನಾಯಿ ನಡುಗಿದ್ದು ಚಳಿಗೋ, ನಮ್ಮನ್ನು ಕಂಡ ಭಯಕ್ಕೋ, ಅದೂ ನನಗೆ ಗೊತ್ತಿಲ್ಲ.